ಮಗಳ ಪುಸ್ತಕದಲ್ಲಿ ನಕ್ಷತ್ರ ಕಂಡಾಗ

"ಮೇಡಂ, ನಮ್ಮ ಹುಡುಗಿಗೆ ಯಾರೋ ಏನೋ ಮಾಡ್ಯಾರ್ರಿ."

ರಾಯಚೂರಿನ ನನ್ನ ಕೌನ್ಸೆಲಿಂಗ್ ಕೋಣೆಗೆ ಬಂದ ತಾಯಿ ಕೂರುವ ಮೊದಲೇ ಹೇಳಿದ ಮಾತಿದು. ಚೀಲದಿಂದ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು. ಗಂಡನ ಅಡತಿ ಅಂಗಡಿಯ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ. ಖಾಲಿ ಉಳಿದಿದ್ದನ್ನು ಪಿಯುಸಿ ಓದುವ ಮಗಳು ಇಟ್ಟುಕೊಂಡಿದ್ದಳು. ಮೊದಲ ಪುಟದಲ್ಲಿ ಒಂದು ವೃತ್ತ, ಅದರೊಳಗೆ ಐದು ಮೂಲೆಯ ನಕ್ಷತ್ರ. ಮುಂದೆ ದಿನಕ್ಕೊಂದು ಚಂದ್ರನ ಚಿತ್ರ. ಇನ್ನೊಂದು ಪುಟಕ್ಕೆ ಒಣಗಿದ ಬೇವಿನ ಎಲೆ ಅಂಟಿಸಿ, ಪಕ್ಕದಲ್ಲಿ "ರೋಸ್ಮರಿ ಇಲ್ಲಿ ಸಿಗಲ್ಲ" (ಅದೊಂದು ವಿದೇಶಿ ಸುವಾಸನೆಯ ಸೊಪ್ಪು) ಎಂದು ಬರೆದಿದ್ದಳು. ಗುರುತು ಸಿಗದಿರಲಿ ಎಂದು ಕೆಲವು ವಿವರ ಬದಲಿಸಿದ್ದೇನೆ.

"ನಾನು ವಿಕ್ಕಾ ಕಲೀತಿದ್ದೀನಿ" ಎಂದಿದ್ದಳಂತೆ. ಅಣ್ಣ ಫೋನಿನಲ್ಲಿ ಹುಡುಕಿ, ಇದು ಮಾಟಗಾತಿಯರ ಧರ್ಮ ಎಂದ. ನಮ್ಮ ಕಡೆ ಮಾಟ ಅಂದರೆ ಮುಂದಿನ ಮಾತು ಬಾನಾಮತಿ. ಆ ಅನುಮಾನಕ್ಕೇ ಜನರನ್ನು ಹೊಡೆದ ಸುದ್ದಿ ಕೇಳಿ ಬೆಳೆದವರು ನಾವು. ತಾಯಿ ಹೆದರಿದ್ದು ಸುಮ್ನೆ ಅಲ್ಲ.

ಆದರೆ ವಿಕ್ಕಾ ಬೇರೆಯೇ. ಇದು ಇಂಗ್ಲೆಂಡಿನಲ್ಲಿ ಹುಟ್ಟಿದ, ನೂರು ವರ್ಷವೂ ತುಂಬದ ಧರ್ಮ. ಅಲ್ಲಿ ಮಾಟದ ವಿರುದ್ಧದ ಹಳೇ ಕಾಯ್ದೆ 1951ರಲ್ಲಿ ರದ್ದಾಯಿತು. 1954ರಲ್ಲಿ ಜೆರಾಲ್ಡ್ ಗಾರ್ಡನರ್ ಎಂಬುವರು ಪುಸ್ತಕ ಬರೆದ ಮೇಲೆ ಜನರಿಗೆ ಇದರ ಪರಿಚಯವಾಯಿತು. ಒಬ್ಬ ದೇವಿ, ಕೊಂಬಿರುವ ಒಬ್ಬ ದೇವ. ಹುಣ್ಣಿಮೆಯ ಪೂಜೆ, ವರ್ಷಕ್ಕೆ ಎಂಟು ಹಬ್ಬ. ನಕ್ಷತ್ರದ ಮೂಲೆಗಳೆಂದರೆ ಮಣ್ಣು, ನೀರು, ಗಾಳಿ, ಬೆಂಕಿ, ಆತ್ಮ. ಸೈತಾನನ ಪೂಜೆ ಇದರಲ್ಲಿಲ್ಲ. ಯಾರಿಗೂ ಕೆಡುಕು ಮಾಡದೆ ನಿನ್ನ ಇಷ್ಟದಂತೆ ನಡೆ ಎಂಬುದು ಇವರ ಮುಖ್ಯ ಮಾತು.

ಬಯಕೆ ಚೀಟಿಯಲ್ಲಿ ಬರೆದು, ಮೇಣದಬತ್ತಿ ಹಚ್ಚಿ ಮಾಡುವ 'ಸ್ಪೆಲ್' ಕೂಡ ಇದೆ. ಅದರಿಂದ ಪರೀಕ್ಷೆ ಪಾಸಾಗುತ್ತದೆ ಎಂದು ನಾನು ನಂಬುವುದಿಲ್ಲ. ಹುಡುಗಿಗೂ ಹಾಗೇ ಹೇಳಿದೆ. "ಓದಿದ್ರೇನೇ ಪಾಸು, ಗೊತ್ತದ ಮೇಡಂ. ಬತ್ತಿ ಹಚ್ಚಿ ಕುಂತ್ರ ಎದಿ ಹಗುರ ಆಗ್ತದ" ಎಂದಳು. ಈ ಉತ್ತರ ಕೇಳಿದ ಮೇಲೆ ನನ್ನ ಅರ್ಧ ಚಿಂತೆ ಹೋಯಿತು.

ಹೆತ್ತವರಿಗೆ ನಾನು ಕೈಮುಗಿದು ಕೇಳುವುದು: ಆ ಪುಸ್ತಕ ಹರಿಯಬೇಡಿ. ಹರಿದರೆ ಆಸಕ್ತಿ ಹೋಗುವುದಿಲ್ಲ, ನಿಮಗೆ ಹೇಳುವುದು ನಿಲ್ಲುತ್ತದೆ. ಬಿಡಿಸುತ್ತೇನೆ ಅನ್ನುವವರ ಹತ್ತಿರವೂ ಕರೆದೊಯ್ಯಬೇಡಿ. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದು ನಮ್ಮ ರಾಜ್ಯದ 2017ರ ಕಾಯ್ದೆಯಲ್ಲಿ ಅಪರಾಧ.

ಇನ್ನೊಂದು ತಪ್ಪು ಒಳ್ಳೆಯ ಮನಸ್ಸಿನವರೇ ಮಾಡುತ್ತಾರೆ. "ಇದೆಲ್ಲಾ ನಮ್ಮಲ್ಲೇ ಅದ, ನಮ್ಮ ದೇವಿ ಹುಲಿಗೆಮ್ಮ ಇಲ್ವಾ?" ಎಂದು ಮಾತು ಮುಗಿಸುವುದು. ಹೋಲಿಕೆ ಇರಬಹುದು. ಆದರೆ ಮಗು ತಾನೇ ಹುಡುಕಿಕೊಂಡದ್ದನ್ನು ಕೈಯಿಂದ ಕಸಿದಂತೆ ಆಗುತ್ತದೆ. ಮೊದಲು ಕೇಳಿ. ಈ ಹುಡುಗಿಗೆ ದೊಡ್ಡ ತಲೆನೋವು ಅಂದರೆ ಹಬ್ಬದ ಲೆಕ್ಕ. ಮೇ 1ರ ಬೆಲ್ಟೇನ್, ಇಂಗ್ಲೆಂಡಿನಲ್ಲಿ ಹೂ ಅರಳುವ ಕಾಲದ ಹಬ್ಬ. ರಾಯಚೂರಿನಲ್ಲಿ ಆಗ ನೆಲಕ್ಕೆ ಕಾಲಿಡಲಾಗದ ಬಿಸಿಲು. ಆಗಸ್ಟ್ 1 ಅವರಿಗೆ ಸುಗ್ಗಿಯ ಶುರು, ನಮ್ಮ ಹೊಲದಲ್ಲಿ ಪೈರು ಇನ್ನೂ ಎಳೆಯದು. ಅವಳೇ ಅಜ್ಜಿಯ ಹತ್ತಿರ ಹೋಗಿ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗ, ಅಂದರೆ ಎಡೆಯ ಅಡುಗೆ, ಯಾಕೆ ಚೆಲ್ಲುತ್ತಾರೆ ಎಂದು ಕೇಳಿದಳು. "ಭೂಮಿ ತಾಯಿ ಬಸುರಿ ಇರ್ತಾಳವ್ವಾ, ಆಕಿ ಬಯಕಿ ತೀರಿಸಬೇಕು" ಎಂದರಂತೆ ಅಜ್ಜಿ. ಅದೂ ಪುಸ್ತಕ ಸೇರಿತು.

ನಿಜವಾದ ಎಚ್ಚರ ಬೇರೆ ಕಡೆ ಬೇಕು. ಪರದೆ, ಹಾಸಿಗೆ ಹತ್ತಿರ ಬತ್ತಿ ಬೇಡ. ಗೊತ್ತಿಲ್ಲದ ಸೊಪ್ಪು ಕುದಿಸಿ ಕುಡಿಯುವುದು ಬೇಡವೇ ಬೇಡ. ಉಮ್ಮತ್ತಿ ನಮ್ಮ ರಸ್ತೆ ಬದಿಯಲ್ಲೇ ಬೆಳೆಯುತ್ತದೆ, ಅದರ ಬೀಜ ವಿಷ. ಎಲ್ಲಕ್ಕಿಂತ ಜಾಸ್ತಿ ಭಯ ನನಗೆ ಫೋನಿನಲ್ಲಿ ಸಿಗುವ 'ಗುರು'ಗಳದ್ದು. ವಿಕ್ಕಾದ ಬಹಳಷ್ಟು ಗುಂಪುಗಳು 18 ತುಂಬದವರನ್ನು ಸೇರಿಸಿಕೊಳ್ಳುವುದಿಲ್ಲ. ಹಾಗಿರುವಾಗ ಪಿಯುಸಿ ಹುಡುಗಿಗೆ ಗುಟ್ಟಾಗಿ ದೀಕ್ಷೆ ಕೊಡ್ತೀನಿ, ಫೋಟೋ ಕಳಿಸು, ದುಡ್ಡು ಹಾಕು ಅನ್ನುವವನನ್ನು ನಂಬಬಾರದು. ಈ ಮಾತನ್ನು ಮಗಳಿಗೆ ಬಿಡಿಸಿ ಹೇಳಿ. ಅಂಥವರು ಕಾಡಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ನಿದ್ದೆ, ಊಟ ಕೆಟ್ಟು, ಗೆಳತಿಯರನ್ನೂ ಬಿಟ್ಟು ಕೋಣೆ ಸೇರಿದರೆ, ಯಾರದೋ ದನಿ ಕೇಳಿಸುತ್ತದೆ ಎಂದರೆ, ಕೈ ಕುಯ್ದುಕೊಂಡರೆ ತಡಮಾಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬರೀ ಹುಣ್ಣಿಮೆ ನೋಡುವುದು ಕಾಯಿಲೆಯಲ್ಲ.

ಆ ತಾಯಿಗೆ ನಕ್ಷತ್ರ ಇವತ್ತಿಗೂ ಇಷ್ಟವಿಲ್ಲ. ಮಗಳು ಅದನ್ನು ಕೋಣೆಯ ಬಾಗಿಲಿಗೆ ಅಂಟಿಸಬೇಕು ಎಂದಿದ್ದಳು. ನನ್ನ ಮುಂದೆಯೇ ಇಬ್ಬರೂ ಹತ್ತು ನಿಮಿಷ ಜಗಳವಾಡಿದರು. "ಪುಸ್ತಕದಾಗ ಇರಲಿ. ಬಾಗಿಲ ಮ್ಯಾಲ ಬ್ಯಾಡ, ಓಣಿ ಮಂದಿ ನೋಡ್ತಾರ" ಎಂದರು ಅಮ್ಮ. ಮಗಳು ಮುಖ ಊದಿಸಿಕೊಂಡು, "ಆಯ್ತು, ನೀ ಮಾತ್ರ ಕೇಳಲಾರ್ದ ಪುಸ್ತಕ ತೆಗೀಬ್ಯಾಡ" ಎಂದಳು. ತಾಯಿ ಒಪ್ಪಿದರು.