ಮಡಕೆ ಮೇಲೆ ರಾಜನ ಹೆಸರಿದ್ದ ಮಾತ್ರಕ್ಕೆ ಊರು ಗೆದ್ದ ಹಾಗಲ್ಲ

ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಕಾನಾನಿನ, ಅಂದರೆ ಇಂದಿನ ಇಸ್ರೇಲ್-ಪ್ಯಾಲೆಸ್ತೀನ್ ಕಡೆಯ, ಹಳೇ ಊರು ಅರಾದ್‌ನಲ್ಲಿ ಸಿಕ್ಕ ಮಡಕೆ ಚೂರಿನ ಫೋಟೊ ತೋರಿಸುತ್ತೇನೆ. ಪ್ರತಿ ವರ್ಷವೂ ಯಾರಾದರೊಬ್ಬರು ಥಟ್ಟನೆ ಹೇಳುತ್ತಾರೆ, "ಹಾಗಾದ್ರೆ ನಾರ್ಮರ್ ಕಾನಾನ್ ಗೆದ್ದಿದ್ದ ಅಂತಾಯ್ತಲ್ವಾ ಸರ್?"

ಇಲ್ಲಪ್ಪ, ಹಾಗಾಗಲಿಲ್ಲ. ಚೂರಿನ ಮೇಲೆ ಅರಮನೆಯ ಮುಂಭಾಗದಂಥ ಚೌಕಟ್ಟು, ಅದರೊಳಗೆ ಮೀನು. ಆಗ ಈಜಿಪ್ಟಿನಲ್ಲಿ ರಾಜನ ಹೆಸರು ಬರೆಯುತ್ತಿದ್ದದ್ದು ಅಂಥ ಚೌಕಟ್ಟಿನೊಳಗೆ. ಕ್ರಿ.ಪೂ. 3100ರ ಆಸುಪಾಸಿನ ಈಜಿಪ್ಟಿನ ರಾಜ ನಾರ್ಮರ್‌ನ ಹೆಸರು ಅದು, ಸರಿ. ಆದರೆ ಗೀರಿನ ಅಂಚು ನೋಡಿ. ಹಸಿ ಮಣ್ಣಿನ ಮೇಲೆ ಗೀರಿ, ಆಮೇಲೆ ಸುಟ್ಟಿದ್ದಾರೆ. ಅಂದರೆ ಹೆಸರು ಬಿದ್ದದ್ದು ಈಜಿಪ್ಟಿನ ಕುಂಬಾರನ ಹತ್ತಿರ. ಮಡಕೆ ಅರಾದ್‌ಗೆ ಬಂದದ್ದು ಆಮೇಲೆ. ಯಾರು ತಂದರು, ಎಷ್ಟು ಕೈ ದಾಟಿ ಬಂತು, ಆ ಹೆಸರು ಹೇಳುವುದಿಲ್ಲ.

ಅದಕ್ಕೇ ನಾನು ಹೆಸರಿಗಿಂತ ಮೊದಲು ಮಣ್ಣು ನೋಡಿ ಅನ್ನುವುದು. ಚೂರನ್ನು ಕೂದಲಿಗಿಂತ ತೆಳ್ಳಗೆ ಉಜ್ಜಿ ಸೂಕ್ಷ್ಮದರ್ಶಕದಡಿ ಇಟ್ಟರೆ, ನೈಲ್ ಮಣ್ಣು ಯಾವುದು, ದಕ್ಷಿಣ ಕಾನಾನಿನ ಮಣ್ಣು ಯಾವುದು ಅಂತ ಸಾಮಾನ್ಯವಾಗಿ ಗೊತ್ತಾಗುತ್ತದೆ. ನೈಲ್ ಮಣ್ಣಾದರೆ ಸರಕು ಬಂದಿದೆ. ಈಜಿಪ್ಟಿನ ಮಾದರಿ, ಸ್ಥಳೀಯ ಮಣ್ಣು ಅಂದರೆ ಜನರೇ ಬಂದು ನೆಲೆಸಿರಬಹುದು. ದಕ್ಷಿಣ ಕಾನಾನಿನ ಎನ್ ಬೆಸೋರ್‌ನಲ್ಲಿ ಆದದ್ದು ಇದೇ. ಅಲ್ಲಿ ಸುಮಾರು 90 ಮುದ್ರೆಮಣ್ಣಿನ ತುಂಡುಗಳು ಸಿಕ್ಕವು. ಮುದ್ರೆ ಈಜಿಪ್ಟಿನದು, ಮಣ್ಣು ಅಲ್ಲಿಯದೇ. ಅಧಿಕಾರಿಗಳು ಅಲ್ಲೇ ಕೂತು ಮೂಟೆ, ಮಡಕೆಗಳಿಗೆ ಮುದ್ರೆ ಒತ್ತುತ್ತಿದ್ದರು. ರೊಟ್ಟಿ ಸುಡುವ ಈಜಿಪ್ಟಿನ ಅಚ್ಚುಗಳೂ ಅಲ್ಲಿವೆ. ಯುದ್ಧ ಮುಗಿಸಿ ಹೊರಟವರ ಸಾಮಾನಲ್ಲ ಅದು, ದಿನಾ ಉಂಡವರದು.

ಯುದ್ಧವೇ ಆಗಲಿಲ್ಲ ಅಂತಲ್ಲ. ನಾರ್ಮರ್ ನಂತರ ಬಂದ ಈಜಿಪ್ಟಿನ ಡೆನ್ ರಾಜನ ದಂತದ ಚೀಟಿಯಲ್ಲಿ "ಪೂರ್ವದವರನ್ನು ಮೊದಲ ಸಲ ಬಡಿದದ್ದು" ಅಂತಿದೆ. ಆ ಪೂರ್ವ ಅಂದರೆ ಕಾನಾನ್ ಅಲ್ಲದೆ ಸಿನಾಯ್ ಕೂಡ ಆಗಿರಬಹುದು, ಹುಷಾರಾಗಿ ಓದಬೇಕು. ನಾರ್ಮರ್ ಆಗಿ ಎಂಟುನೂರು ವರ್ಷದ ಮೇಲೆ, ಈಜಿಪ್ಟಿನ ರಾಜ ಒಂದನೇ ಪೆಪಿಯ ಅಧಿಕಾರಿ ವೆನಿ ತನ್ನ ಗೋರಿಯಲ್ಲಿ ಬಿಡಿಸಿ ಬರೆಸಿದ್ದಾನೆ. ಮರಳುನಾಡಿನವರ ಮೇಲೆ ಐದು ಸಲ ದಂಡು ಹೋಯಿತು, ಅವರ ಅಂಜೂರ, ದ್ರಾಕ್ಷಿ ಕಡಿದು ಹಾಕಿತು. ದಂಡಯಾತ್ರೆಯ ಸಾಕ್ಷಿ ಅಂದರೆ ಹೀಗಿರಬೇಕು.

ಹೋದ ವರ್ಷ ಒಬ್ಬ ಹುಡುಗಿ ಆ ಫೋಟೊ ಜಾಸ್ತಿ ಹೊತ್ತು ನೋಡಿ, "ಸರ್, ಇದರೊಳಗೆ ಏನು ತುಂಬಿದ್ದರು?" ಅಂದಳು. ಅವತ್ತು ಕ್ಲಾಸು ಮುಗಿದ ಮೇಲೂ ನಾವಿಬ್ಬರೂ ಮೇಜಿನ ಹತ್ತಿರವೇ ನಿಂತಿದ್ದೆವು.