ಸಂತ ಮೋನಿಕಾ ಬರೀ ಅತ್ತಳೇ?

ಓದುಗರ ಪ್ರಶ್ನೆ: ದಾರಿ ತಪ್ಪಿದ ಮಗನಿಗಾಗಿ ಸಂತ ಮೋನಿಕಾ ಹದಿನೇಳು ವರ್ಷ ಕಣ್ಣೀರಿಟ್ಟಳು, ಆ ಕಣ್ಣೀರೇ ಆಗಸ್ಟಿನ್‌ನನ್ನು ಸಂತನನ್ನಾಗಿ ಮಾಡಿತು ಎಂದು ಪ್ರತಿವರ್ಷ ಆಗಸ್ಟ್ 27ರ ಹಬ್ಬದ ದಿನ ಕೇಳುತ್ತೇವೆ. ಅಳುವುದೂ ಒಂದು ಸದ್ಗುಣವೇ? ಆಕೆಯನ್ನು ಆದರ್ಶ ತಾಯಿ ಎನ್ನಲು ಬೇರೇನಾದರೂ ಕಾರಣವಿದೆಯೇ?

ಅತ್ತದ್ದು ನಿಜ. ಮಗನೇ ಬರೆದಿಟ್ಟಿದ್ದಾನೆ. ಆದರೆ ಅವನು ತಾಯಿಯ ಬಗ್ಗೆ ಬರೆದದ್ದನ್ನೆಲ್ಲ ಓದಿದರೆ ಕಣ್ಣೀರಿಗಿಂತ ಎದ್ದು ಕಾಣುವ ಗುಣ ಇನ್ನೊಂದಿದೆ. ತಾನು ಬಿಗಿಯಾಗಿ ಹಿಡಿದುಕೊಂಡದ್ದು ಸರಿಯಲ್ಲ ಎಂದು ಮನಸ್ಸಿಗೆ ಬಂದರೆ ಮೋನಿಕಾ ಅದನ್ನು ಬಿಟ್ಟುಬಿಡುತ್ತಿದ್ದಳು. ಸ್ವಭಾವದಲ್ಲಿ ಆಕೆ ಹಟಮಾರಿ. ಅಂಥವರಿಗೆ ಇದು ಸುಲಭವಲ್ಲ. ನನ್ನ ಮಟ್ಟಿಗೆ ಆಕೆಯ ದೊಡ್ಡತನ ಇರುವುದು ಇಲ್ಲೇ.

ಮೊದಲು ಆಧಾರದ ಮಾತು. ಮೋನಿಕಾ ತಾನೇ ಬರೆದ ಒಂದು ಸಾಲೂ ನಮಗೆ ಸಿಕ್ಕಿಲ್ಲ. ಆಕೆಯ ಬಗ್ಗೆ ನಮಗೆ ತಿಳಿದಿರುವುದು ಹೆಚ್ಚುಕಡಿಮೆ ಎಲ್ಲವೂ ಆಗಸ್ಟಿನ್‌ನ ಬರಹಗಳಿಂದ, ಮುಖ್ಯವಾಗಿ 'ಕನ್ಫೆಷನ್ಸ್' ಎಂಬ ಅವನ ಆತ್ಮಕಥೆಯ ಒಂಬತ್ತನೆಯ ಭಾಗದಿಂದ. ತಾಯಿ ತೀರಿಕೊಂಡು ಸುಮಾರು ಹತ್ತು ವರ್ಷದ ಮೇಲೆ, ತಾನು ಬಿಷಪ್ ಆದ ನಂತರ ಬರೆದದ್ದು. ಇಷ್ಟು ದೊಡ್ಡ ಗ್ರಂಥದಲ್ಲಿ ತಾಯಿಯ ಹೆಸರು ಬರುವುದು ಒಂದೇ ಒಂದು ಸಲ. ಉಳಿದ ಕಡೆಯೆಲ್ಲ 'ನನ್ನ ತಾಯಿ', ಇಲ್ಲವೇ ದೇವರನ್ನು ಕುರಿತು 'ನಿನ್ನ ದಾಸಿ'. ಮಗನ ಬರಹ, ಹೊಗಳಿಕೆ ಇದ್ದೇ ಇರುತ್ತದೆ. ಆದರೂ ಅವನು ತಾಯಿಯ ಕುಂದುಗಳನ್ನು ಮುಚ್ಚಿಟ್ಟಿಲ್ಲ. ಅದಕ್ಕೇ ಈ ಬರಹವನ್ನು ನಂಬಬಹುದು ಎನಿಸುತ್ತದೆ.

ಮೋನಿಕಾ ಹುಟ್ಟಿದ್ದು ಸುಮಾರು 331ರಲ್ಲಿ, ಉತ್ತರ ಆಫ್ರಿಕಾದ ತಗಾಸ್ತೆ ಎಂಬ ಸಣ್ಣ ಪಟ್ಟಣದಲ್ಲಿ. ಇಂದು ಅದು ಅಲ್ಜೀರಿಯಾದ ಸೂಕ್ ಅಹ್ರಾಸ್. ಕ್ರೈಸ್ತ ಮನೆತನ. ಮನೆಯ ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಮುದಿ ದಾಸಿ. ಮೋನಿಕಾಳ ತಂದೆಯನ್ನೇ ಬೆನ್ನ ಮೇಲೆ ಹೊತ್ತು ಬೆಳೆಸಿದವಳು. ಊಟದ ಹೊತ್ತಲ್ಲದೆ ನೀರು ಕುಡಿಯುವುದಕ್ಕೂ ಆ ಮುದುಕಿ ಬಿಡುತ್ತಿರಲಿಲ್ಲವಂತೆ. ಈಗ ಕೈಗೆ ದ್ರಾಕ್ಷಾರಸ ಸಿಗದೆ ನೀರು ಕುಡಿಯುತ್ತೀರಿ, ನಾಳೆ ಗಂಡನ ಮನೆಯ ಉಗ್ರಾಣದ ಬೀಗ ಕೈಗೆ ಬಂದಾಗ ನೀರು ರುಚಿಸುವುದಿಲ್ಲ, ಕುಡಿಯುವ ಚಟ ಮಾತ್ರ ಉಳಿಯುತ್ತದೆ ಎಂಬುದು ಅವಳ ತರ್ಕ.

ಇಷ್ಟಾದರೂ ಹುಡುಗಿ ಜಾರಿದಳು. ಪೀಪಾಯಿಯಿಂದ ದ್ರಾಕ್ಷಾರಸ ತರಲು ಕಳಿಸಿದಾಗ ಹೂಜಿಗೆ ಸುರಿಯುವ ಮುಂಚೆ ತುಟಿಗೆ ತಾಗಿಸಿಕೊಳ್ಳುತ್ತಿದ್ದಳು. ಇಂದು ಒಂದು ಗುಟುಕು, ನಾಳೆ ಇನ್ನೊಂದು. ಕೊನೆಗೆ ಬಟ್ಟಲು ಬಟ್ಟಲೇ ಖಾಲಿಯಾಗುವ ಮಟ್ಟಕ್ಕೆ ಬಂತು. ಜೊತೆಗೆ ಹೋಗುತ್ತಿದ್ದ ದಾಸಿ ಹುಡುಗಿ ಒಂದು ದಿನ ಜಗಳದಲ್ಲಿ 'ಕುಡುಕಿ' ಎಂದು ಮುಖಕ್ಕೆ ಹೊಡೆದ ಹಾಗೆ ಅಂದಳು. ಯಜಮಾನನ ಮಗಳು ದಾಸಿಯ ಮೇಲೆ ದೂರು ಹೇಳಿ ಏಟು ಹಾಕಿಸಬಹುದಾಗಿದ್ದ ಕಾಲ ಅದು. ಮೋನಿಕಾ ಹಾಗೆ ಮಾಡಲಿಲ್ಲ. ಮಾತು ನಿಜವೆಂದು ಒಪ್ಪಿ ಅಂದೇ ಬಿಟ್ಟಳು.

ಮದುವೆಯಾದದ್ದು ಪತ್ರೀಸಿಯಸ್ ಎಂಬವನನ್ನು. ಊರಿನ ಸಭೆಯ ಸದಸ್ಯ, ಹೇಳಿಕೊಳ್ಳುವಂಥ ಆಸ್ತಿಯಿಲ್ಲ. ಕ್ರೈಸ್ತನಲ್ಲ. ಒಳ್ಳೆಯವನೇ, ಆದರೆ ಸಿಟ್ಟು ನೆತ್ತಿಗೇರಿದರೆ ಮುಗಿಯಿತು. ಹೆಂಡತಿಗೆ ನಿಷ್ಠನೂ ಆಗಿರಲಿಲ್ಲ. ಅವನು ಕೂಗಾಡುವಾಗ ಮೋನಿಕಾ ಎದುರಾಡುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ, ಹೊತ್ತು ನೋಡಿ, ತಾನು ಮಾಡಿದ್ದು ಯಾಕೆಂದು ವಿವರಿಸುತ್ತಿದ್ದಳು. ಅವನಿಗಿಂತ ಶಾಂತರಾದ ಗಂಡಂದಿರಿದ್ದ ಹೆಂಗಸರೇ ಮುಖದ ಮೇಲೆ ಬಾಸುಂಡೆ ಹೊತ್ತು ಬಂದು ಗಂಡನನ್ನು ಬೈಯುತ್ತಿದ್ದರು. ಪತ್ರೀಸಿಯಸ್ ಹೆಂಡತಿಯ ಮೇಲೆ ಕೈಮಾಡಿದ ಸುದ್ದಿಯೇ ಇಲ್ಲವಲ್ಲ ಎಂದು ಅಚ್ಚರಿಪಡುತ್ತಿದ್ದರು. ಮದುವೆಯ ಕರಾರು ಓದಿ ಹೇಳಿದ ದಿನವೇ ನಾವು ದಾಸಿಯರಾದೆವೆಂದು ತಿಳಿಯಿರಿ ಎಂದು ಮೋನಿಕಾ ಅವರಿಗೆ ಅರ್ಧ ತಮಾಷೆಯಾಗಿ ಹೇಳುತ್ತಿದ್ದಳಂತೆ.

ಈ ಮಾತನ್ನು ಹಿಡಿದು ಇವತ್ತು ಏಟು ತಿನ್ನುವ ಹೆಂಗಸಿಗೆ 'ಮೋನಿಕಾಳ ಹಾಗೆ ಸಹಿಸಿಕೋ' ಎನ್ನುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಗಂಡನ ಕೈಯಲ್ಲಿ ಕಾನೂನೇ ಇದ್ದ ಕಾಲದಲ್ಲಿ ಆಕೆ ಕಂಡುಕೊಂಡ ಉಪಾಯ ಅದು, ಎಲ್ಲ ಕಾಲಕ್ಕೂ ಬರೆದಿಟ್ಟ ಆಜ್ಞೆಯಲ್ಲ. ಅಲ್ಲದೆ ಆಕೆ ಬಾಯಿಮುಚ್ಚಿ ಕೂತವಳಲ್ಲ, ಮಾತಾಡುವ ಹೊತ್ತನ್ನು ತಾನೇ ಆರಿಸಿಕೊಂಡವಳು.

ಅತ್ತೆಯ ಕಥೆಯೂ ಇದೆ. ಚಾಡಿ ಹೇಳುವ ದಾಸಿಯರ ಮಾತಿಗೆ ಅತ್ತೆ ಮೊದಮೊದಲು ಸೊಸೆಯ ಮೇಲೆ ಉರಿದುಬೀಳುತ್ತಿದ್ದಳು. ಸೊಸೆಯ ತಾಳ್ಮೆ ನೋಡಿ ನೋಡಿ ಕರಗಿ, ಚಾಡಿ ಹೇಳಿದವರ ಹೆಸರು ಹಿಡಿದು ಮಗನಿಗೆ ದೂರು ಕೊಟ್ಟಳು. ಪತ್ರೀಸಿಯಸ್ ಅವರಿಗೆ ಚಾಟಿಯೇಟು ಹಾಕಿಸಿದ. ಆಗಸ್ಟಿನ್ ಇದನ್ನು ಮನೆಯಲ್ಲಿ ಶಾಂತಿ ನೆಲೆಸಿದ ಕಥೆಯಾಗಿ ಬರೆಯುತ್ತಾನೆ. ಏಟು ತಿಂದವರ ಬಗ್ಗೆ ಅವನಿಗೆ ಮರುಕವಿಲ್ಲ. ಅದರ ಪಕ್ಕದಲ್ಲೇ ಅವನು ಹೇಳುವ ಇನ್ನೊಂದು ಗುಣ ಮಾತ್ರ ಇಂದಿಗೂ ಅಪರೂಪದ್ದು. ಜಗಳವಾಡಿಕೊಂಡ ಇಬ್ಬರು ಹೆಂಗಸರು ಪರಸ್ಪರರ ಮೇಲೆ ಕಾರಿದ ವಿಷವನ್ನೆಲ್ಲ ಮೋನಿಕಾ ಕೇಳಿಸಿಕೊಳ್ಳುತ್ತಿದ್ದಳು. ಅವರಿಬ್ಬರನ್ನು ಕೂಡಿಸಬಲ್ಲ ಮಾತನ್ನಷ್ಟೇ ಆಚೆಗೆ ದಾಟಿಸುತ್ತಿದ್ದಳು. ಗಂಡ ಸಾಯುವ ಮುಂಚೆ ಕ್ರೈಸ್ತನಾದ.

ಇನ್ನು ಮಗ. 354ರ ನವೆಂಬರ್ 13ರಂದು ಹುಟ್ಟಿದ ಆಗಸ್ಟಿನ್ ಜಾಣ, ತುಂಟ. ಓದಿಗೆಂದು ಕಾರ್ತೇಜಿಗೆ ಹೋದವನು ಒಬ್ಬ ಹೆಣ್ಣಿನೊಡನೆ ಮದುವೆಯಿಲ್ಲದೆ ಸಂಸಾರ ಹೂಡಿದ, ಅದೇಯೋದಾತುಸ್ ಎಂಬ ಮಗನಾದ. ಜೊತೆಗೆ ಮಾನಿಯ ಪಂಥಕ್ಕೆ ಸೇರಿಕೊಂಡ. ಬೆಳಕು-ಕತ್ತಲೆ ಎಂಬ ಎರಡು ಶಕ್ತಿಗಳು ಹೋರಾಡುತ್ತಿವೆ, ಈ ದೇಹ ಕತ್ತಲೆಯ ಪಾಲು ಎನ್ನುತ್ತಿದ್ದ ಪಂಥ ಅದು. ಮೋನಿಕಾಗೆ ಮಗ ಸತ್ತಿದ್ದರೂ ಇಷ್ಟು ದುಃಖವಾಗುತ್ತಿರಲಿಲ್ಲ. ತನ್ನ ಮನೆಯಲ್ಲಿ, ತನ್ನ ಪಂಕ್ತಿಯಲ್ಲಿ ಅವನಿಗೆ ಜಾಗವಿಲ್ಲ ಎಂದುಬಿಟ್ಟಳು.

ಈ ಪಟ್ಟನ್ನೂ ಆಕೆ ಸಡಿಲಿಸಿದಳು, ಒಂದು ಕನಸಿನ ಮೇಲೆ. ಕನಸಿನಲ್ಲಿ ಆಕೆ ಒಂದು ಮರದ ಅಳತೆಪಟ್ಟಿಯ ಮೇಲೆ ನಿಂತು ಅಳುತ್ತಿದ್ದಳು. ತೇಜಸ್ವಿಯಾದ ಯುವಕನೊಬ್ಬ ಬಂದು, ಸರಿಯಾಗಿ ನೋಡು, ನೀನಿರುವಲ್ಲೇ ಅವನೂ ಇದ್ದಾನೆ ಎಂದ. ತಿರುಗಿ ನೋಡಿದರೆ ಅದೇ ಪಟ್ಟಿಯ ಮೇಲೆ ಮಗ ನಿಂತಿದ್ದಾನೆ. ಇದನ್ನು ಕೇಳಿದ ಆಗಸ್ಟಿನ್, ಹಾಗಾದರೆ ನೀನೇ ನನ್ನ ಪಂಥಕ್ಕೆ ಬರುತ್ತೀ ಎಂದು ಅರ್ಥ ಎಂದ. ಆಕೆ ತಡೆಯದೆ ಹೇಳಿದಳು: ಅವನಿರುವಲ್ಲಿ ನೀನು ಎಂದು ನನಗೆ ಹೇಳಲಿಲ್ಲ, ನೀನಿರುವಲ್ಲಿ ಅವನು ಎಂದರು. ಕನಸಿಗಿಂತ ಈ ಉತ್ತರದ ಚುರುಕು ತನ್ನನ್ನು ಹೆಚ್ಚು ತಟ್ಟಿತು ಎಂದು ಅಲಂಕಾರಶಾಸ್ತ್ರದ ಮೇಷ್ಟ್ರಾಗಿದ್ದ ಆಗಸ್ಟಿನ್ ಒಪ್ಪಿಕೊಂಡಿದ್ದಾನೆ. ಮಗನಿಗೆ ಮತ್ತೆ ಮನೆಯಲ್ಲಿ ಊಟ ಸಿಕ್ಕಿತು.

ಕಣ್ಣೀರಿನ ಪ್ರಸಿದ್ಧ ಮಾತು ಬರುವುದು ಇದರ ನಂತರ. ಬಾಲ್ಯದಲ್ಲಿ ತಾವೇ ಆ ಪಂಥದಲ್ಲಿ ಬೆಳೆದು ಹೊರಬಂದಿದ್ದ ಬಿಷಪ್ ಒಬ್ಬರ ಹತ್ತಿರ ಹೋಗಿ, ನನ್ನ ಮಗನೊಡನೆ ವಾದಮಾಡಿ ತಿದ್ದಿ ಎಂದು ಬೇಡಿಕೊಂಡಳು. ಈಗ ಅವನಿಗೆ ಯಾರ ಮಾತೂ ಹತ್ತುವುದಿಲ್ಲ, ಓದುತ್ತ ಓದುತ್ತ ತಾನೇ ತಿಳಿದುಕೊಳ್ಳುತ್ತಾನೆ, ನೀನು ಪ್ರಾರ್ಥನೆ ಮಾಡು ಎಂದರು ಅವರು. ಬಿಡಲಿಲ್ಲ, ಅತ್ತು ಕಾಡಿದಳು. ಅವರಿಗೆ ಬೇಸರ ಬಂತು: 'ಹೋಗಮ್ಮ ಇನ್ನು. ಇಷ್ಟು ಕಣ್ಣೀರಿನ ಮಗ ಹಾಳಾಗುವುದು ಸಾಧ್ಯವಿಲ್ಲ.' ಧರ್ಮಸಭೆಯಲ್ಲಿ ಇಷ್ಟು ಸಲ ಉದ್ಧರಿಸಲಾದ ಈ ಸಾಂತ್ವನದ ಮಾತು ಬಂದದ್ದು ಬೇಸತ್ತ ಬಾಯಿಂದ ಎಂಬುದನ್ನು ಪ್ರಸಂಗಗಳಲ್ಲಿ ಯಾರೂ ಹೇಳುವುದಿಲ್ಲ. ಅಂದಹಾಗೆ, ಹದಿನೇಳು ವರ್ಷ ಎಂಬುದು ನಂತರದವರು ಕೂಡಿಸಿದ ಲೆಕ್ಕ. ಕನಸಿನ ಮೇಲೆ ಸುಮಾರು ಒಂಬತ್ತು ವರ್ಷ ತಾನು ಕೆಸರಿನಲ್ಲೇ ಹೊರಳಾಡಿದೆ ಎಂದು ಆಗಸ್ಟಿನ್ ಹೇಳುತ್ತಾನೆ.

383ರಲ್ಲಿ ಅವನು ರೋಮಿಗೆ ಹೊರಟಾಗ ತಾಯಿ ಸಮುದ್ರತೀರದವರೆಗೂ ಬಂದು ಹಿಡಿದುಕೊಂಡಳು. ಗೆಳೆಯನನ್ನು ಬೀಳ್ಕೊಡಲು ಬಂದೆನೆಂದು ಸುಳ್ಳು ಹೇಳಿ, ಆ ರಾತ್ರಿ ಆಕೆಯನ್ನು ಹತ್ತಿರದ ಸಂತ ಸಿಪ್ರಿಯನ್ನರ ಗುಡಿಯಲ್ಲಿ ಉಳಿಯುವಂತೆ ಮಾಡಿ, ಮಗ ಹಡಗು ಹತ್ತಿದ. ಅವನನ್ನು ಹೋಗಗೊಡಬೇಡ ಎಂದು ಆಕೆ ರಾತ್ರಿಯಿಡೀ ಬೇಡಿದಳು; ಅವನು ಹೋಗದೆ ಇದ್ದಿದ್ದರೆ ಆಕೆ ವರ್ಷಗಟ್ಟಲೆ ಬೇಡಿದ್ದೇ ನಡೆಯುತ್ತಿರಲಿಲ್ಲ. ತಾಯಿಯ ಪ್ರೀತಿಯಲ್ಲಿ ಮಗ ಹತ್ತಿರವೇ ಇರಬೇಕೆಂಬ ಆಸೆ ಅತಿಯಾಗಿತ್ತು ಎಂದು ಆಗಸ್ಟಿನ್ ನೇರವಾಗಿ ಬರೆದಿದ್ದಾನೆ.

ಎರಡು ವರ್ಷದ ಮೇಲೆ ಆಕೆಯೂ ಸಮುದ್ರ ದಾಟಿ ಮಿಲಾನಿಗೆ ಬಂದಳು. ದಾರಿಯಲ್ಲಿ ಬಿರುಗಾಳಿ ಎದ್ದಾಗ ಆಕೆಯೇ ನಾವಿಕರಿಗೆ ಧೈರ್ಯ ಹೇಳಿದಳಂತೆ. ಮಿಲಾನಿನ ಒಂದು ಸಣ್ಣ ಘಟನೆ ನನಗೆ ತುಂಬ ಇಷ್ಟ. ಆಫ್ರಿಕಾದಲ್ಲಿ ರಕ್ತಸಾಕ್ಷಿಗಳ ಸಮಾಧಿಗೆ ಅಂಬಲಿ, ರೊಟ್ಟಿ, ದ್ರಾಕ್ಷಾರಸ ಒಯ್ಯುವ ರೂಢಿಯಿತ್ತು. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವ ಹಾಗೆ. ಮೋನಿಕಾ ಎಷ್ಟು ಸಮಾಧಿಗಳಿಗೆ ಹೋದರೂ ಒಯ್ಯುತ್ತಿದ್ದುದು ಒಂದೇ ಪುಟ್ಟ ಬಟ್ಟಲು, ಅದೂ ನೀರು ಬೆರೆಸಿದ್ದು. ಮಿಲಾನಿನಲ್ಲಿ ಬುಟ್ಟಿ ಹಿಡಿದು ಹೋದರೆ ಬಾಗಿಲು ಕಾಯುವವನು ತಡೆದ: ಬಿಷಪ್ ಆಂಬ್ರೋಸರ ಅಪ್ಪಣೆಯಿಲ್ಲ. ಇದು ಕುಡುಕರಿಗೆ ನೆಪವಾಗುತ್ತದೆ, ಅನ್ಯಧರ್ಮೀಯರ ಪಿತೃಪೂಜೆಯಂತೆಯೇ ಇದೆ ಎಂಬುದು ಬಿಷಪರ ಕಾರಣ. ಹುಟ್ಟೂರಿನಿಂದ ಬಂದ ಪದ್ಧತಿಯನ್ನು ಪರಊರಿನ ಬಾಗಿಲುಕಾವಲಿನವನು ತಡೆದರೆ ಯಾರಿಗೆ ರೇಗದು? ಆಕೆ ಬುಟ್ಟಿ ಹಿಂದಕ್ಕೆ ಒಯ್ದಳು, ಮತ್ತೆ ತರಲಿಲ್ಲ. ಬಡವರಿಗೆ ಕೈಲಾದದ್ದು ಕೊಡುವುದನ್ನು ಮುಂದುವರಿಸಿದಳು. ಆಂಬ್ರೋಸರು ಆಗಸ್ಟಿನ್‌ನನ್ನು ಕಂಡಾಗಲೆಲ್ಲ ಇಂಥ ತಾಯಿಯನ್ನು ಪಡೆದೆಯಲ್ಲ ಎಂದು ಹೊಗಳುತ್ತಿದ್ದರು. ಆಕೆಯ ಮಗ ಎಂಥವನೆಂದು ಅವರಿಗೆ ಗೊತ್ತಿರಲಿಲ್ಲ ಎಂದು ಆಗಸ್ಟಿನ್ ಸೇರಿಸುತ್ತಾನೆ.

ಹಾಗೆಂದು ಆಕೆ ಬರೀ ತಲೆಬಾಗುವವಳೂ ಅಲ್ಲ. 386ರಲ್ಲಿ ರಾಜಮಾತೆ ಜಸ್ಟೀನಾ ಯೇಸು ತಂದೆಯಾದ ದೇವರಿಗೆ ಸಮನಲ್ಲ ಎನ್ನುತ್ತಿದ್ದ ಏರಿಯನ್ ಪಂಥದವರ ಪರವಾಗಿ ಆಂಬ್ರೋಸರ ಮೇಲೆ ಒತ್ತಡ ಹಾಕಿದಾಗ, ಬಿಷಪರೊಡನೆ ಸಾಯಲೂ ಸಿದ್ಧರಾಗಿ ಚರ್ಚಿನೊಳಗೆ ಜಾಗರಣೆ ಕೂತ ಜನರಲ್ಲಿ ಮೋನಿಕಾ ಮುಂದಿನ ಸಾಲಿನಲ್ಲಿದ್ದಳು.

ಆಕೆಯ ಬಾಳಿನಲ್ಲಿ ನನ್ನಿಂದ ಸಮರ್ಥಿಸಲಾಗದ ಒಂದು ಅಧ್ಯಾಯವೂ ಮಿಲಾನಿನದೇ. ಮಗನಿಗೆ ಮದುವೆ ಮಾಡಿಸಲು ಆಕೆಯೇ ಮುಂದೆ ನಿಂತಳು. ಗೊತ್ತುಮಾಡಿದ ಹುಡುಗಿಗೆ ಕಾನೂನಿನ ವಯಸ್ಸು ತುಂಬಲು ಇನ್ನೂ ಎರಡು ವರ್ಷ ಬಾಕಿ. ಈ ಸಂಬಂಧಕ್ಕೆ ಅಡ್ಡಿಯೆಂದು, ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಜೊತೆಗಿದ್ದ ಹೆಣ್ಣನ್ನು ಆಫ್ರಿಕಾಕ್ಕೆ ಕಳಿಸಿದರು. ಮಗು ತಂದೆಯ ಬಳಿ ಉಳಿಯಿತು. ಹೃದಯ ಹರಿದು ರಕ್ತ ಸುರಿಯಿತು ಎಂದು ಆಗಸ್ಟಿನ್ ಬರೆಯುತ್ತಾನೆ, ಆದರೆ ಆಕೆಯ ಹೆಸರನ್ನೂ ಬರೆಯುವುದಿಲ್ಲ. ಮೋನಿಕಾ ಕೂಡ ಒಬ್ಬ ತಾಯಿ, ಇನ್ನೊಬ್ಬ ತಾಯಿಯನ್ನು ಮಗನಿಂದ ಅಗಲಿಸುವಾಗ ಏನು ಅನಿಸಿತೋ. ಆ ಮದುವೆಯೂ ನಡೆಯಲಿಲ್ಲ. 386ರ ಬೇಸಿಗೆಯಲ್ಲಿ ಮಗನ ಮನಸ್ಸು ಕ್ರೈಸ್ತ ನಂಬಿಕೆಯ ಕಡೆಗೆ ತಿರುಗಿತು, ಸಂಸಾರವೇ ಬೇಡವೆಂದ. ಮೊಮ್ಮಕ್ಕಳ ಆಸೆಯನ್ನು ಆಕೆ ಸಂತೋಷದಿಂದಲೇ ಬಿಟ್ಟಳು.

ಆ ಚಳಿಗಾಲಕ್ಕೆ ಮುಂಚೆ ಎಲ್ಲರೂ ಕಾಸ್ಸಿಸಿಯಾಕುಮ್ ಎಂಬ ಹಳ್ಳಿಯ ತೋಟದ ಮನೆಯಲ್ಲಿದ್ದರು. ಆಗಸ್ಟಿನ್‌ನ ಹುಟ್ಟುಹಬ್ಬದ ದಿನ ಸುಖವೆಂದರೇನು ಎಂಬ ಚರ್ಚೆ ನಡೆಯಿತು, ಅದನ್ನು ಬರೆದೂ ಇಟ್ಟಿದ್ದಾರೆ. ಆತ್ಮಕ್ಕೆ ಆಹಾರ ಯಾವುದು ಎಂಬ ಪ್ರಶ್ನೆಗೆ ಮೋನಿಕಾ, ತಿಳಿವಳಿಕೆ ಎಂದಳು. ಶಿಷ್ಯ ತ್ರಿಜೆತಿಯುಸ್‌ಗೆ ಸಂಶಯ. ಆಕೆ ಅವನನ್ನೇ ಸಾಕ್ಷಿಗೆ ಎಳೆದಳು: ಊಟ ಅರ್ಧವಾದ ಮೇಲೆಯೇ ನಿನಗೆ ಯಾವ ಪಾತ್ರೆಯಲ್ಲಿ ಉಣ್ಣುತ್ತಿದ್ದೇವೆಂದು ಗೊತ್ತಾಯಿತು ಎಂದೆಯಲ್ಲ, ಅಲ್ಲಿಯತನಕ ನಿನ್ನ ಮನಸ್ಸು ಏನನ್ನು ತಿನ್ನುತ್ತಿತ್ತು? ಯಾವುದನ್ನೂ ಖಚಿತವಾಗಿ ಅರಿಯಲಾಗದು ಎನ್ನುವ ತತ್ತ್ವಜ್ಞಾನಿಗಳ ವಿಷಯ ಬಂದಾಗ, ಅವರಿಗೆ ಮೂರ್ಛೆರೋಗ ಎಂದು ಹೇಳಿ ಎದ್ದು ಹೊರಟಳು. ಎಲ್ಲರೂ ನಕ್ಕು ಅಂದಿನ ಸಭೆ ಮುಗಿಯಿತು. ನೀವು ಓದುವ ಪುಸ್ತಕಗಳಲ್ಲಿ ಹೆಂಗಸರು ಇಂಥ ಚರ್ಚೆಗೆ ಬರುತ್ತಾರೆಯೇ ಎಂದು ಆಕೆ ಇನ್ನೊಮ್ಮೆ ಸಂಕೋಚಪಟ್ಟಾಗ, ನಿನ್ನ ತತ್ತ್ವಜ್ಞಾನ ನನಗೆ ಇಷ್ಟ ಎಂದವನು ಮಗ. ಒಂದು ಕಾಲಕ್ಕೆ ತಾಯಿಯ ಬುದ್ಧಿಮಾತನ್ನು ಹೆಂಗಸರ ಮಾತೆಂದು ತಳ್ಳಿದ್ದ ಮಗ.

387ರ ಈಸ್ಟರ್ ಜಾಗರಣೆಯಲ್ಲಿ ಆಂಬ್ರೋಸರಿಂದ ಅವನಿಗೆ ದೀಕ್ಷಾಸ್ನಾನವಾಯಿತು. ಊರಿಗೆ ಮರಳಲು ಓಸ್ಟಿಯಾ ಬಂದರಿನಲ್ಲಿ ಕಾಯುತ್ತಿದ್ದಾಗ ಮೋನಿಕಾ ಜ್ವರ ಹಿಡಿದು ಮಲಗಿದಳು. ತಗಾಸ್ತೆಯಲ್ಲಿ ಗಂಡನ ಪಕ್ಕದಲ್ಲೇ ಮಣ್ಣಾಗಬೇಕೆಂದು ಆಕೆ ಜಾಗ ಮಾಡಿಸಿಕೊಂಡಿದ್ದಳು, ಅದರ ಚಿಂತೆ ಬಹಳ ಇತ್ತು. ಪರದೇಶದಲ್ಲಿ ಸಾಯುವ ಬದಲು ಊರಿನಲ್ಲಾಗಿದ್ದರೆ ಚೆನ್ನಿತ್ತು ಎಂದು ಇನ್ನೊಬ್ಬ ಮಗ ನವೀಗಿಯುಸ್ ಅಂದಾಗ ಅವನತ್ತ ಬೇಸರದಿಂದ ನೋಡಿ, ಆಗಸ್ಟಿನ್‌ಗೆ 'ನೋಡು ಇವನು ಹೇಳುವುದನ್ನು' ಎಂದಳು. ಈ ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಪ್ರಭುವಿನ ಬಲಿಪೀಠದ ಬಳಿ ಮಾತ್ರ ನನ್ನನ್ನು ನೆನೆಯಿರಿ ಎಂದಳು. ಒಂಬತ್ತನೆಯ ದಿನ ತೀರಿಕೊಂಡಳು. ಆಕೆಗೆ ಐವತ್ತಾರನೆಯ ವರ್ಷ ನಡೆಯುತ್ತಿತ್ತು.

ಹೂಳಿದ್ದು ಓಸ್ಟಿಯಾದಲ್ಲೇ. 1945ರಲ್ಲಿ ಅಲ್ಲಿ ಆಟಕ್ಕೆಂದು ಕಂಬ ನೆಡಲು ಗುಂಡಿ ತೋಡುತ್ತಿದ್ದ ಹುಡುಗರಿಗೆ ಆಕೆಯ ಸಮಾಧಿಲೇಖದ ಅಮೃತಶಿಲೆಯ ತುಂಡು ಸಿಕ್ಕಿತು. ಅವಶೇಷಗಳು 1430ರಲ್ಲೇ ರೋಮ್ ಸೇರಿದ್ದವು.

ನಿಮ್ಮ ಪ್ರಶ್ನೆ ಕಣ್ಣೀರಿನದು. ಬಿಟ್ಟುಬಿಡುವುದನ್ನು ಇಷ್ಟು ಕಲಿತ ಹೆಂಗಸು ಬಿಡದೆ ಉಳಿಸಿಕೊಂಡದ್ದು ಮಗನ ಚಿಂತೆಯೊಂದನ್ನೇ. ಇದಕ್ಕೆ ಮಗನದೇ ಸಾಕ್ಷಿಯಿದೆ, ಅದೂ ಅನಿರೀಕ್ಷಿತ ಜಾಗದಲ್ಲಿ. ಸಂತರ ಸಮಾಧಿಯ ಹತ್ತಿರ ಹೂಳಿದರೆ ಸತ್ತವರಿಗೆ ಏನಾದರೂ ಲಾಭವಿದೆಯೇ ಎಂದು ನೋಲಾದ ಬಿಷಪ್ ಪೌಲಿನುಸ್ ಕೇಳಿದಾಗ ಇಳಿವಯಸ್ಸಿನ ಆಗಸ್ಟಿನ್ ಒಂದು ಸಣ್ಣ ಗ್ರಂಥವನ್ನೇ ಬರೆದ. ಸತ್ತವರು ತಾವಾಗಿ ಕನಸಿನಲ್ಲಿ ಬಂದು ಬದುಕಿರುವವರ ವ್ಯವಹಾರದಲ್ಲಿ ತಲೆಹಾಕುವುದಿಲ್ಲ ಎಂಬುದು ಅಲ್ಲಿ ಅವನ ವಾದ. ಅದಕ್ಕೆ ಕೊಡುವ ಪುರಾವೆ ಇದು: ಹಾಗೆ ಬರುವುದು ಸಾಧ್ಯವಿದ್ದಿದ್ದರೆ, ನನ್ನ ಜೊತೆ ಬಾಳಲು ನೆಲ ಸಮುದ್ರ ದಾಟಿ ಬಂದ ನನ್ನ ತಾಯಿ ಒಂದು ರಾತ್ರಿಯೂ ನನ್ನನ್ನು ಬಿಟ್ಟಿರುತ್ತಿರಲಿಲ್ಲ.