‘ಇಲ್ಲ’ ಅಂದದ್ದು ಯಾವುದಕ್ಕೆ? ನೋಟಿಸಿನ ಉತ್ತರದಲ್ಲಿ ಕೂರುವ ‘ಆ್ಯಸ್’

ಲಾಯರ್ ನೋಟಿಸಿಗೆ ತಾವೇ ಇಂಗ್ಲಿಷಿನಲ್ಲಿ ಉತ್ತರ ಬರೆದು, ‘ಗ್ರಾಮರ್ ಒಂಚೂರು ನೋಡ್ಕೊಡಿ ಸಾರ್’ ಎಂದು ತರುವವರು ಮೈಸೂರು, ಮಂಡ್ಯ ಕಡೆ ಬಹಳ ಮಂದಿ. ಕಾಗುಣಿತ, ಕಾಲ, ‘ಎ’ ಮತ್ತು ‘ದಿ’ ಬಗ್ಗೆ ಅವರಿಗೆ ಚಿಂತೆ. ಅವು ಹೇಗಿದ್ದರೂ ಯಾರ ಜಮೀನೂ ಹೋಗುವುದಿಲ್ಲ. ಹೋಗುವುದು ಈ ವಾಕ್ಯದಿಂದ: ‘ಐ ಡಿಡ್ ನಾಟ್ ರಿಸೀವ್ ದಿ ಅಮೌಂಟ್ ಆ್ಯಸ್ ಎ ಲೋನ್.’

ಬರೆದವರ ಮನಸ್ಸಿನಲ್ಲಿರುವುದು ‘ನಾನು ಅವರತ್ರ ದುಡ್ಡೇ ಈಸ್ಕೊಂಡಿಲ್ಲ’ ಎಂದು. ಎದುರು ಪಕ್ಷದ ವಕೀಲರು ಓದಿಕೊಳ್ಳುವುದು ‘ಈಸ್ಕೊಂಡಿದೀನಿ, ಸಾಲ ಅಂತ ಈಸ್ಕೊಂಡಿದ್ದಲ್ಲ’ ಎಂದು. ಅವರು ಕುತಂತ್ರದಿಂದ ಹಾಗೆ ಓದುತ್ತಿಲ್ಲ. ಇಂಗ್ಲಿಷಿನಲ್ಲಿ ಆ ವಾಕ್ಯಕ್ಕೆ ಸಹಜವಾಗಿ ಬರುವ ಅರ್ಥವೇ ಅದು.

ಇದನ್ನು ನಿಧಾನವಾಗಿ ನೋಡೋಣ, ಏಕೆಂದರೆ ಎಷ್ಟು ಸಲ ಹೇಳಿದರೂ ಜಾರಿಹೋಗುವುದು ಇಲ್ಲಿಯೇ. ನಮ್ಮ ಮಾತಿನಲ್ಲಿ ನಿಷೇಧಕ್ಕೆ ಎರಡು ಪದಗಳಿವೆ. ‘ಈಸ್ಕೊಂಡಿಲ್ಲ’ ಎಂದರೆ ಕೆಲಸವೇ ನಡೆದಿಲ್ಲ. ‘ಈಸ್ಕೊಂಡಿದ್ದಲ್ಲ’ ಎಂದರೆ ಕೆಲಸ ನಡೆದಿದೆ, ಅದರ ಜೊತೆ ಹೇಳಿದ ವಿವರ ಮಾತ್ರ ಸುಳ್ಳು. ಓದುಬರಹ ಬಾರದವರೂ ಈ ‘ಇಲ್ಲ’, ‘ಅಲ್ಲ’ಗಳನ್ನು ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಎರಡಕ್ಕೂ ಇರುವುದು ಒಂದೇ ‘ನಾಟ್’. ಆ ‘ನಾಟ್’ ಕ್ರಿಯಾಪದದ ಪಕ್ಕ ಕೂತರೂ ಅದರ ಹೊಡೆತ ಬೀಳುವುದು ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ, ಅಲ್ಪವಿರಾಮವಿಲ್ಲದೆ ಅಂಟಿಕೊಂಡ ತುಂಡಿನ ಮೇಲೆ. ಅಲ್ಲಿ ‘ಆ್ಯಸ್ ಎ ಲೋನ್’ ಇದ್ದರೆ ಅಲ್ಲಗಳೆದದ್ದು ಸಾಲವನ್ನು ಮಾತ್ರ, ಹಣ ಪಡೆದದ್ದನ್ನಲ್ಲ. ‘ಐ ಡಿಡ್ ನಾಟ್ ಸೈನ್ ಆ್ಯಸ್ ಎ ವಿಟ್ನೆಸ್’ ಎಂದರೂ ಅಷ್ಟೇ. ಸಹಿ ಹಾಕಿದ್ದು ಒಪ್ಪಿದಂತಾಯಿತು. ಸಾಕ್ಷಿಯಾಗಿ ಅಲ್ಲದಿದ್ದರೆ ಇನ್ನೇನಾಗಿ, ಜಾಮೀನುದಾರನಾಗಿಯೇ ಎಂಬುದು ಮುಂದಿನ ಪ್ರಶ್ನೆ.

ಕಾನೂನು ಇಂಥ ಅರ್ಧ ನಿರಾಕರಣೆಯನ್ನು ಬಹಳ ಹಿಂದೆಯೇ ಗುರುತಿಸಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 8ನೇ ಆದೇಶದ 4ನೇ ನಿಯಮ ಹಣದ ಉದಾಹರಣೆಯನ್ನೇ ಕೊಡುತ್ತದೆ. ಇಂತಿಷ್ಟು ಹಣ ಪಡೆದಿದ್ದೀರಿ ಎಂದು ವಾದಿ ಹೇಳಿದರೆ ‘ಅಷ್ಟು ಪಡೆದಿಲ್ಲ’ ಎಂದರೆ ಸಾಲದು. ಆ ಮೊತ್ತವನ್ನಾಗಲಿ ಅದರ ಯಾವುದೇ ಭಾಗವನ್ನಾಗಲಿ ಪಡೆದಿಲ್ಲ ಎನ್ನಬೇಕು, ಇಲ್ಲವೇ ಎಷ್ಟು ಪಡೆದಿರಿ ಎಂದು ಹೇಳಬೇಕು. ಆರೋಪದ ಜೊತೆ ದಿನಾಂಕ, ಸ್ಥಳ, ಸಂದರ್ಭ ಸೇರಿದ್ದರೆ ಎಲ್ಲವನ್ನೂ ಒಟ್ಟಿಗೆ ‘ಹೀಗೆ ನಡೆದಿಲ್ಲ’ ಎಂದು ತಳ್ಳಿಹಾಕಿದರೂ ಸಾಲದು. ನಿರ್ದಿಷ್ಟವಾಗಿ ಅಲ್ಲಗಳೆಯದ್ದನ್ನು ಒಪ್ಪಿದಂತೆ ಎಣಿಸುವುದು 5ನೇ ನಿಯಮ. ಇವು ದಾವೆಗೆ ಉತ್ತರವಾಗಿ ಪ್ರತಿವಾದಿ ಕೋರ್ಟಿಗೆ ಸಲ್ಲಿಸುವ ಲಿಖಿತ ಹೇಳಿಕೆಗೆ ಹೇಳಿದ ನಿಯಮಗಳು, ನಿಜ. ಆದರೆ ದಾವೆಗೆ ಮುಂಚಿನ ನೋಟಿಸಿಗೆ ನೀವು ಕೊಟ್ಟ ಉತ್ತರವನ್ನೂ ಮುಂದೆ ನಿಮ್ಮ ಒಪ್ಪಿಗೆ ಎಂದು ಹಾಜರುಪಡಿಸಬಹುದು.

ಚೆಕ್ ಬೌನ್ಸ್ ನೋಟಿಸಿನಲ್ಲಿ ಇದು ಇನ್ನೂ ಅಪಾಯ. ‘ಐ ಡಿಡ್ ನಾಟ್ ಇಶ್ಯೂ ದಿ ಚೆಕ್ ಆ್ಯಸ್ ಸ್ಟೇಟೆಡ್ ಇನ್ ಯುವರ್ ನೋಟಿಸ್’ ಎಂದು ಬರೆದರೆ ಚೆಕ್ ಕೊಟ್ಟದ್ದನ್ನು ಒಪ್ಪಿದ್ದೀರಿ ಎಂಬ ವಾದಕ್ಕೆ ಜಾಗ ಬಿಟ್ಟಂತೆ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 139ನೇ ಕಲಮಿನಂತೆ, ಬೇರೆ ರೀತಿ ಸಾಬೀತಾಗುವ ತನಕ ಚೆಕ್ಕು ಬಾಕಿ ತೀರಿಸಲೆಂದೇ ಬಂದದ್ದು ಎಂದು ಕೋರ್ಟು ಭಾವಿಸುತ್ತದೆ. ನೋಟಿಸ್ ತಲುಪಿದ 15 ದಿನ ಎನ್ನುವುದು ಹಣ ಕಟ್ಟಲು ಇರುವ ಅವಧಿ. ಅದನ್ನೇ ಉತ್ತರ ಬರೆಯುವ ಗಡುವು ಎಂದುಕೊಂಡು ಕೊನೆಯ ಸಂಜೆ ಅವಸರದಲ್ಲಿ ಟೈಪ್ ಮಾಡಿಸಿದ ಕಾಗದಗಳಲ್ಲಿ ಈ ‘ಆ್ಯಸ್ ಸ್ಟೇಟೆಡ್’ ಪ್ಯಾರಾಕ್ಕೊಂದು ಇರುತ್ತದೆ.

ತಿದ್ದುವುದು ಕಷ್ಟವಲ್ಲ. ಹಣ ಬಂದೇ ಇಲ್ಲದಿದ್ದರೆ ‘ಆ್ಯಸ್’ ಇಲ್ಲದ ವಾಕ್ಯ ಮೊದಲು ಬರಲಿ: ‘ಐ ಡಿಡ್ ನಾಟ್ ರಿಸೀವ್ ಎನಿ ಅಮೌಂಟ್ ಫ್ರಂ ಯುವರ್ ಕ್ಲೈಂಟ್, ಆನ್ ದಟ್ ಡೇಟ್ ಆರ್ ಆನ್ ಎನಿ ಅದರ್ ಡೇಟ್.’ ಅಲ್ಲಿ ಫುಲ್‌ಸ್ಟಾಪ್. ಸಾಲದ ಮಾತು ಅದರ ಮುಂದಿನ ವಾಕ್ಯಕ್ಕೆ. ಹಣ ಬಂದಿದ್ದರೆ ಎಷ್ಟು, ಯಾವಾಗ, ಯಾವ ಬಾಬ್ತು ಎಂದು ಬರೆಯಿರಿ. ಮಂಡ್ಯ ಕಡೆ ಆಲೆಮನೆಯವರು ಕಬ್ಬಿಗೆ ಮುಂಗಡ ಕೊಟ್ಟು, ಮನಸ್ತಾಪವಾದ ಮೇಲೆ ಅದನ್ನೇ ಕೈಸಾಲ ಎಂದು ನೋಟಿಸ್ ಕೊಡುವುದುಂಟು. ಅಲ್ಲಿ ‘ಆ್ಯಸ್ ಎ ಲೋನ್’ ವಾಕ್ಯ ಸುಳ್ಳಲ್ಲ, ಆದರೆ ಅರ್ಧ. ‘ಐ ರಿಸೀವ್ಡ್ 50,000 ರುಪೀಸ್ ಆ್ಯಸ್ ಅಡ್ವಾನ್ಸ್ ಫಾರ್ ಶುಗರ್‌ಕೇನ್. ಇಟ್ ವಾಸ್ ನಾಟ್ ಎ ಲೋನ್’ ಎಂದು ಬಿಡಿಸಿ ಬರೆದರೆ ಪೂರ್ತಿಯಾಗುತ್ತದೆ. ಯಾವುದನ್ನು ಒಪ್ಪಬೇಕು, ಎಷ್ಟು ಹೇಳಬೇಕು ಎಂಬುದನ್ನು ನಿಮ್ಮ ವಕೀಲರೇ ತೀರ್ಮಾನಿಸಬೇಕು. ಇಲ್ಲಿ ಹೇಳುತ್ತಿರುವುದು ವಾಕ್ಯದ ವಿಚಾರ ಮಾತ್ರ.

ದೂರು ಕೊಡುವವರು ಇದೇ ಜಾತಿಯ ಇನ್ನೊಂದು ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ‘ದಿ ವೆಂಡರ್ ಡಿಡ್ ನಾಟ್ ಎಕ್ಸಿಕ್ಯೂಟ್ ದಿ ಸೇಲ್ ಡೀಡ್ ಆ್ಯಸ್ ಅಗ್ರೀಡ್.’ ಕ್ರಯಪತ್ರವೇ ಆಗಲಿಲ್ಲವೋ, ಆಯಿತು ಆದರೆ 30x40 ಎಂದು ಮಾತಾಗಿದ್ದ ಸೈಟು 20x30 ಆಯಿತೋ? ಎರಡೂ ಅರ್ಥ ಹೊರಡುತ್ತದೆ. ಇದನ್ನು ಸರಿಮಾಡಲು ‘ಆ್ಯಸ್ ಅಗ್ರೀಡ್’ ಅನ್ನು ಮುಂದಕ್ಕೆ ತಂದವರ ಸ್ಥಿತಿ ಇನ್ನೂ ಕೆಟ್ಟದ್ದು. ‘ಆ್ಯಸ್ ಅಗ್ರೀಡ್, ದಿ ವೆಂಡರ್ ಡಿಡ್ ನಾಟ್ ಎಕ್ಸಿಕ್ಯೂಟ್ ದಿ ಸೇಲ್ ಡೀಡ್’ ಎಂದರೆ ಮಾಡಿಕೊಡುವುದು ಬೇಡ ಎಂದೇ ಇಬ್ಬರೂ ಒಪ್ಪಿದ್ದರು ಎಂದಾಗುತ್ತದೆ. ಕನ್ನಡದಲ್ಲಿ ‘ಒಪ್ಪಿದಂತೆ’ ಸಾಮಾನ್ಯವಾಗಿ ಕ್ರಿಯಾಪದದ ಮುಂಚೆಯೇ ಬರುವುದರಿಂದ ನಮ್ಮವರ ಕೈ ತಾನಾಗಿ ಅತ್ತ ಹೋಗುತ್ತದೆ. ಕೊನೆಯಲ್ಲಿಟ್ಟು ಅಲ್ಪವಿರಾಮ ಹಾಕಿದರೂ ಎರಡೂ ಅರ್ಥ ಉಳಿಯುತ್ತದೆ. ಅಲ್ಲದೆ ಟೈಪಿಂಗಿನಲ್ಲಿ ಮೊದಲು ಬಿದ್ದುಹೋಗುವುದೇ ಅಲ್ಪವಿರಾಮ. ಹಕ್ಕಿನ ಭಾರವನ್ನು ಅದರ ಮೇಲೆ ಹೊರಿಸಬೇಡಿ. ಎರಡು ವಾಕ್ಯ ಮಾಡಿ: ‘ದಿ ವೆಂಡರ್ ಅಗ್ರೀಡ್ ಟು ಎಕ್ಸಿಕ್ಯೂಟ್ ದಿ ಸೇಲ್ ಡೀಡ್. ಹಿ ಡಿಡ್ ನಾಟ್ ಎಕ್ಸಿಕ್ಯೂಟ್ ಇಟ್.’ ಗಾಂಭೀರ್ಯ ಕಡಿಮೆಯಾಯಿತು ಎಂದು ಕೆಲವರಿಗೆ ಬೇಸರ. ಕೋರ್ಟಿಗೆ ಬೇಕಾದದ್ದು ಏನು ನಡೆಯಿತು ಎಂಬುದು.

ಕಾರಣ ಹೇಳುವ ‘ಆ್ಯಸ್’ ಇಷ್ಟು ಕಾಡುವುದಿಲ್ಲ. ‘ಐ ಡಿಡ್ ನಾಟ್ ಅಟೆಂಡ್, ಆ್ಯಸ್ ಐ ವಾಸ್ ಇಲ್’ ಎಂದರೆ ಬರಲಿಲ್ಲ, ಕಾರಣ ಕಾಯಿಲೆ, ಅಷ್ಟೇ. ‘ಆ್ಯಸ್’ಗೆ ಹೆದರಿ ಅಲ್ಲಿ ‘ಬಿಕಾಸ್’ ಹಾಕುವವರು ಎಚ್ಚರವಾಗಿರಬೇಕು. ‘ಐ ಡಿಡ್ ನಾಟ್ ಸೈನ್ ಬಿಕಾಸ್ ಹಿ ಥ್ರೆಟನ್ಡ್ ಮಿ’ ಎಂದರೆ ಬೆದರಿಸಿದ್ದರಿಂದ ಸಹಿ ಹಾಕಲಿಲ್ಲ ಎಂದೂ ಆಗುತ್ತದೆ, ಸಹಿ ಹಾಕಿದ್ದು ಬೆದರಿಕೆಗಲ್ಲ ಎಂದೂ ಆಗುತ್ತದೆ.

ಕಳಿಸುವ ಮುನ್ನ ‘ನಾಟ್’ ಇರುವ ಒಂದೊಂದು ವಾಕ್ಯದ ಕೊನೆಗೂ ‘ಬಟ್’ ಸೇರಿಸಿ ಓದಿ. ‘ಐ ಡಿಡ್ ನಾಟ್ ರಿಸೀವ್ ದಿ ಅಮೌಂಟ್ ಆ್ಯಸ್ ಎ ಲೋನ್, ಬಟ್ ಆ್ಯಸ್ ಎ ಗಿಫ್ಟ್’ ಎಂದು ಸಲೀಸಾಗಿ ಮುಂದುವರಿದರೆ ಎದುರಿನವರೂ ಹಾಗೆಯೇ ಮುಂದುವರಿಸಬಲ್ಲರು. ಆ ವಾಕ್ಯವನ್ನು ಒಡೆಯಿರಿ. ಉತ್ತರ ಈಗಾಗಲೇ ಹೋಗಿದ್ದರೆ ಪ್ರತಿಯನ್ನು ಮುಚ್ಚಿಡದೆ ವಕೀಲರಿಗೆ ತೋರಿಸಿ; ಸ್ಪಷ್ಟೀಕರಣದ ಇನ್ನೊಂದು ಪತ್ರ ಕಳಿಸಬಹುದೇ ಎಂದು ಅವರು ನೋಡುತ್ತಾರೆ. ಲಿಖಿತ ಹೇಳಿಕೆಯೇ ಕೋರ್ಟಿಗೆ ಸೇರಿದ್ದರೆ ತಿದ್ದುಪಡಿಗೆ ನ್ಯಾಯಾಲಯದ ಅನುಮತಿ ಬೇಕು, ಒಮ್ಮೆ ಒಪ್ಪಿದ್ದನ್ನು ಹಿಂದಕ್ಕೆ ಪಡೆಯಲು ಅದು ಸುಲಭವಾಗಿ ಸಿಗುವುದಿಲ್ಲ.